ಆ ಹೆಂಗಸನ್ನು ಎಲ್ಲಿಗೆ ಕಳಿಸಿದ್ರಿ?

ಟಾಮ್ ಅಂಡ್ ಜೆರ್ರಿ ಅಂದ್ರೆ ನನಗೆಷ್ಟು ಹುಚ್ಚು ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಇವತ್ತಿನ ಸಿಟ್ಟನ್ನೂ ಸಹಿಸಿಕೊಳ್ಳಿ.

ಅಕ್ಕನ ಮಕ್ಕಳು ಮೊಬೈಲಿನಲ್ಲಿ 1950ರ 'ಸ್ಯಾಟರ್ಡೇ ಈವ್ನಿಂಗ್ ಪುಸ್' ಹಾಕಿಕೊಂಡಿದ್ದರು. ಮನೆಯಾಕೆ ಬ್ರಿಜ್ ಅನ್ನೋ ಇಸ್ಪೀಟಾಟ ಆಡೋಕೆ ಹೊರಟ ಕೂಡಲೇ ಟಾಮ್ ಬೀದಿ ಬೆಕ್ಕುಗಳನ್ನೆಲ್ಲ ಕರೆದು ಜಾಜ್ ಬಾರಿಸ್ತಾನಲ್ಲ, ಅದೇ. ನೋಡಿದರೆ ಆ ಮನೆಯಾಕೆ, ದಪ್ಪನೆಯ ಕಪ್ಪು ಹೆಂಗಸೇ ಇಲ್ಲ! ಅವಳ ಜಾಗದಲ್ಲಿ ತೆಳ್ಳಗಿನ ಬಿಳಿ ಹುಡುಗಿ.

ಯಾರೋ ಕಿಡಿಗೇಡಿಗಳ ಕೆಲಸವಲ್ಲ ಇದು. 1960ರ ದಶಕದಲ್ಲಿ ಅಮೆರಿಕದ ಟೀವಿಗಾಗಿ ಈ ಕಾರ್ಟೂನು ತಯಾರಿಸಿದ ಎಂಜಿಎಂ ಸ್ಟುಡಿಯೋದವರೇ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ತಂಡದಿಂದ ಆ ದೃಶ್ಯಗಳನ್ನು ಮತ್ತೆ ಬರೆಸಿದ್ದು.

"ಒಳ್ಳೇದೇ ಆಯ್ತಲ್ಲ, ಅದು ಜನಾಂಗೀಯ ಗೇಲಿ, ಮಕ್ಕಳು ನೋಡೋದು" ಅಂದ್ರು ಭಾವ. ಗೇಲಿ ಹೌದು, ಯಾರು ಇಲ್ಲ ಅಂದ್ರು? ಕಾಲು, ಚಪ್ಪಲಿ, ಏಪ್ರನ್, ಪೊರಕೆ. ಮುಖ ಮಾತ್ರ ತೋರಿಸಲ್ಲ. ಬಾಂಬ್ ಸಿಡಿದಾಗ ಟಾಮ್ ಮುಖಕ್ಕೆ ಮಸಿ ಹತ್ತಿ ತುಟಿ ಊದಿಕೊಂಡು ಕಪ್ಪು ಜನರ ಅಣಕವಾಗುವ ಜೋಕನ್ನು ಬೇಕಾದ್ರೆ ಕತ್ತರಿಸಿ ಬಿಸಾಕಿ. ಆದರೆ ಅವಮಾನ ಮಾಡಿದ್ದು ಬರೆದವರು, ಮನೆ ಬಿಟ್ಟು ಹೋಗಬೇಕಾದವಳು ಅವಳು! ಎಂಥಾ ನ್ಯಾಯ ಸ್ವಾಮಿ!

ಸಿಟ್ಟು ಜಾಸ್ತಿ ಬಂದಿದ್ದು ಯಾಕೆ ಗೊತ್ತಾ? ಸದಾ ಪೊರಕೆ ಹಿಡಿದು ಬೆಕ್ಕಿನ ಹಿಂದೆ ಓಡುವವಳಿಗೆ ಈ ಒಂದು ಕತೆಯಲ್ಲಿ ತನ್ನದೇ ಒಂದು ಶನಿವಾರ ಸಂಜೆ ಇತ್ತು. ಗೆಳತಿಯರಿದ್ದರು, ಕ್ಲಬ್ ಇತ್ತು. ಜೆರ್ರಿ ಫೋನ್ ಮಾಡಿ ದೂರು ಹೇಳಿದ ಮೇಲೆ ಕ್ಯಾಮೆರಾ ಕಡೆಗೇ ಓಡಿ ಬರ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಖ ಕಂಡು ಹೋಗುತ್ತೆ! ಅದಕ್ಕೋಸ್ಕರ ಎಷ್ಟು ಸಲ ಚಿತ್ರ ನಿಲ್ಲಿಸಿ ನೋಡಿದ್ದೀನೋ. ಆ ಸಂಜೆಯನ್ನೂ ಕಿತ್ತು ಬಿಳಿ ಹುಡುಗಿಗೆ ಕೊಟ್ಟುಬಿಟ್ಟರು. ಇದಕ್ಕೆ ಸುಧಾರಣೆ ಅಂತ ಹೆಸರು ಬೇರೆ.

ಆ ಹೆಂಗಸಿಗೆ ದನಿ ಕೊಟ್ಟಿದ್ದ ಲಿಲಿಯನ್ ರ‍್ಯಾಂಡಾಲ್ಫ್ ಅವರ ಗತಿ ನೋಡಿ. 1940ರ ಮೊದಲ ಚಿತ್ರದಿಂದ ಟಾಮ್‌ನನ್ನು ಬೈದು ನಡುಗಿಸಿದವರು ಅವರು. ಆಗ ಪರದೆ ಮೇಲೆ ಹೆಸರೂ ಹಾಕಲಿಲ್ಲ. 1990ರ ದಶಕದಲ್ಲಿ ನಟಿ ಥಿಯಾ ವಿಡೇಲ್ ಅವರಿಂದ ಮತ್ತೆ ಡಬ್ ಮಾಡಿಸಿದಾಗ ದನಿಯೂ ಹೋಯ್ತು.

ಬೇರೆ ದಾರಿ ಇರಲಿಲ್ವಾ? 2005ರ ಟಾಮ್ ಅಂಡ್ ಜೆರ್ರಿ ಡಿವಿಡಿಯಲ್ಲಿ ಕಪ್ಪು ನಟಿ ವೂಪಿ ಗೋಲ್ಡ್‌ಬರ್ಗ್ ಮೊದಲು ನಾಲ್ಕು ಮಾತು ಹೇಳ್ತಾರೆ: ಇದು ಆಗಲೂ ತಪ್ಪು, ಈಗಲೂ ತಪ್ಪು, ಆದ್ರೆ ಮುಚ್ಚಿಡೋದು ಸರಿಯಲ್ಲ ಅಂತ. ಅಷ್ಟು ಸಾಕಿತ್ತು. ಅಂಥ ಮಾತನ್ನು ಮಕ್ಕಳಿಗೆ ಹೇಳೋಕೆ ದೊಡ್ಡವರಿಗೇ ಮುಜುಗರ, ಅದಕ್ಕೇ ಈ ಬಣ್ಣ ಬಳಿಯೋ ಕೆಲಸ.

ಭಾವ ಇದನ್ನು ಓದ್ತಾರೆ ಅಂತ ಗೊತ್ತು. ಓದಲಿ. ನಿಮ್ಮಲ್ಲಿ ಯಾರ ಹತ್ರಾನಾದ್ರೂ ಆ ಹಳೇ ಡಿವಿಡಿ ಇದ್ರೆ ಹೇಳಿ, ಮುಂದಿನ ಭಾನುವಾರ ಅವರ ಮನೆಯಲ್ಲೇ ಹಾಕಿ ತೋರಿಸ್ತೀನಿ.