ನಡುವೆ ಬರುವ ‘ಭೇಷ್’

ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ ಸಿಂಫನಿ, ಅಂದರೆ ಹಲವು ಭಾಗಗಳ ವಾದ್ಯವೃಂದದ ಕೃತಿ, ಕೇಳಲು ಹೋಗಿದ್ದೆ. ಮೊದಲ ಭಾಗ ಮುಗಿದೊಡನೆ ಕೈ ತಾನಾಗಿಯೇ ಚಪ್ಪಾಳೆಗೆ ಎದ್ದಿತು. ಪಕ್ಕದ ಹಿರಿಯರೊಬ್ಬರು ಕಣ್ಣಿನಲ್ಲೇ ಬೇಡವೆಂದರು. ಚಪ್ಪಾಳೆಯ ಬದಲು ಸಭಾಂಗಣದ ತುಂಬ ಕೆಮ್ಮು! ಹದಿನೈದು ನಿಮಿಷ ತಡೆದುಕೊಂಡಿದ್ದವರೆಲ್ಲ ಒಮ್ಮೆಗೇ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮತ್ತೆ ಕಲ್ಲಾಗಿ ಕುಳಿತರು. ಎಲ್ಲ ಮುಗಿದ ಮೇಲೆ ಮಾತ್ರ ಚಪ್ಪಾಳೆಯ ಮಳೆ.

ಇದು ಇವರ ಅನಾದಿ ಪದ್ಧತಿಯೆಂದು ತಿಳಿದಿದ್ದೆ. ಹಾಗೇನಿಲ್ಲ. 1778ರಲ್ಲಿ ಪ್ಯಾರಿಸ್ಸಿನಿಂದ ತಂದೆಗೆ ಬರೆದ ಪತ್ರದಲ್ಲಿ ಮೊಜಾರ್ಟ್, ತನ್ನ ಹೊಸ ಸಿಂಫನಿಯ ಮೊದಲ ಭಾಗದ ನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಹಿಗ್ಗಿನಿಂದ ಹೇಳಿಕೊಂಡಿದ್ದಾನೆ. ಆ ಜಾಗ ಹಿಡಿಸುತ್ತದೆಂದು ಬರೆಯುವಾಗಲೇ ಅವನಿಗೆ ಗೊತ್ತಿತ್ತು; ಅದನ್ನೇ ಕೊನೆಗೆ ಇನ್ನೊಮ್ಮೆ ತಂದಿದ್ದ. ಮೌನದ ಶಿಸ್ತು ಬೇರೂರಿದ್ದು ಆಮೇಲೆ.

ಆದರೂ ಬರೆದಿಟ್ಟ ಸಂಗೀತಕ್ಕೆ ಮೌನ ಒಗ್ಗುತ್ತದೆ. ಹಾಡುತ್ತ ಹಾಡುತ್ತಲೇ ಹುಟ್ಟುವ ಮನೋಧರ್ಮದ ಸಂಗೀತಕ್ಕೆ ಅದು ಸಾಲದು. ಆಲಾಪನೆಯಲ್ಲಿ ಗಾಯಕರು ಒಂದು ಸ್ವರದ ಮೇಲೆ ನಿಂತಾಗ ಮುಂದಿನ ಸಾಲಿನಿಂದ ಮೆಲ್ಲಗೆ ‘ಭೇಷ್’ ಕೇಳಿಸಿದರೆ, ಅವರು ಅಲ್ಲಿಂದ ಹೊರಡುವ ಅವಸರ ಬಿಡುತ್ತಾರೆ. ಅದೇ ಸ್ವರದ ಸುತ್ತ ಇನ್ನೊಂದು ಸಂಚಾರ ಹುಟ್ಟುತ್ತದೆ. ಆ ಸಂಚಾರದಲ್ಲಿ ಕೇಳುಗನ ಪಾಲೂ ಇದೆ ಎಂದೇ ನನ್ನ ನಂಬಿಕೆ.

ಹಾಗೆಂದು ಎಲ್ಲ ಸದ್ದೂ ಒಳ್ಳೆಯದಲ್ಲ. ಯಕ್ಷಗಾನದಲ್ಲಿ ಶಿಳ್ಳೆ ಬಿದ್ದಷ್ಟೂ ಮಂಡಿ ಹಾಕುವುದು, ಅಂದರೆ ಮಂಡಿಯೂರಿ ಗಿರಗಿರನೆ ಸುತ್ತುವುದು, ಹೆಚ್ಚುತ್ತದೆ, ಪಾತ್ರ ಹಿಂದೆ ಸರಿಯುತ್ತದೆ. ಕಲಾವಿದರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಶಿಳ್ಳೆ ಹೊಡೆದವರು ನಾವು. ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾದೊಡನೆ ಎದ್ದು ಹೋಗುವವರೂ ನಾವೇ. ಮೃದಂಗದವರು ಆ ಬೆನ್ನುಗಳನ್ನು ನೋಡುತ್ತಲೇ ನುಡಿಸಬೇಕು. ನನಗೆ ಇದರಷ್ಟು ನೋವು ಕೊಡುವ ಅಭ್ಯಾಸ ಇನ್ನೊಂದಿಲ್ಲ.

ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಯಶಸ್ಸನ್ನು ಹೇಳುವ ಸಿದ್ಧಿ ಪ್ರಕರಣದಲ್ಲಿ ಸದ್ದು, ಮೌನ ಎರಡಕ್ಕೂ ಜಾಗವಿದೆ. ಮುಗುಳ್ನಗೆ, ‘ಸಾಧು’, ‘ಅಹೋ’, ರೋಮಾಂಚನ, ಎದ್ದು ನಿಲ್ಲುವುದು ಇವೆಲ್ಲ ಮಾನುಷೀ ಸಿದ್ಧಿ. ರಂಗ ಕಿಕ್ಕಿರಿದಿದ್ದೂ ಸದ್ದಿಲ್ಲ, ಕ್ಷೋಭೆಯಿಲ್ಲ ಎಂದಾದರೆ ಅದು ದೈವೀ ಸಿದ್ಧಿ. ಆದರೆ ಮೈಮರೆತಾಗ ತಾನಾಗಿ ಇಳಿದುಬರುವ ಮೌನವೇ ಬೇರೆ, ತಪ್ಪು ಜಾಗದಲ್ಲಿ ಕೈ ತಟ್ಟಿಬಿಟ್ಟೇನೆಂಬ ಅಂಜಿಕೆಯ ಮೌನವೇ ಬೇರೆ.

ಕಳೆದ ತಿಂಗಳು ಇಲ್ಲೊಂದು ಕರ್ನಾಟಕ ಸಂಗೀತದ ಕಚೇರಿ ನಡೆಯಿತು. ಮುಕ್ಕಾಲು ಪಾಲು ಜರ್ಮನ್ನರು, ಕೂತಲ್ಲಿಂದ ಅಲ್ಲಾಡಲಿಲ್ಲ. ಮೊದಲ ಮೂರು ಕೃತಿಗಳನ್ನು ಗಾಯಕಿ ಚೊಕ್ಕವಾಗಿ, ಆದರೆ ಬೇಗಬೇಗ ಮುಗಿಸಿದರು. ಕೃತಿಯ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್ ಹೊತ್ತಿಗೆ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ತೊಡೆಯ ಮೇಲೆ ಆದಿತಾಳ ಹಾಕತೊಡಗಿದರು. ಮುಚ್ಚಿದ ಕಣ್ಣು, ಎಣಿಸುವ ಬೆರಳು. ಗಾಯಕಿಯ ದೃಷ್ಟಿ ಆ ಕೈಯ ಮೇಲೆ ಬಿತ್ತು. ಮುಂದಿನ ಇಪ್ಪತ್ತು ನಿಮಿಷ ಅವರು ಕೃತಿಯ ಆ ಸಾಲನ್ನು ಬಿಡಲಿಲ್ಲ.