ಹಲ್ಲು ಬಿಟ್ಟ ಕಥೆ

ಶಿರಸಿಯಲ್ಲಿರುವ ಅಕ್ಕನ ಮಗಳಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿ ತಿಂಗಳಾಯಿತು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಾನು ಶಾಲೆಗೆ ಹೋಗುವಾಗ ನಮ್ಮೂರಿಗೆ ಕ್ಲಿಪ್ ಬಂದಿರಲಿಲ್ಲ, ಸಿನಿಮಾದ ಹಾಸ್ಯನಟ ನರಸಿಂಹರಾಜು ಬಂದಿದ್ದರು. ಮುಂದಿನ ಎರಡು ಹಲ್ಲು ತುಟಿಯ ಮಾತು ಕೇಳದೆ ಹೊರಗೆ ಇಣುಕುತ್ತಿದ್ದುದರಿಂದ ಶಾಲೆಯಲ್ಲಿ ನನ್ನ ಹೆಸರೇ ಅದು. ಅಳುತ್ತಾ ಬಂದರೆ ಅಜ್ಜಿ, ‘ಬೇಜಾರ್ ಮಾಡ್ಕ್ಯಳಡ ತಮಾ, ಅವಂಗೆ ಆ ಹಲ್ಲೇ ಅನ್ನ ಹಾಕ್ತು’ ಎನ್ನುತ್ತಿದ್ದಳು. ನನಗೆ ಮಾತ್ರ ಅನ್ನ ಹಾಕಿದ್ದು ಅಡಿಕೆ ಮಂಡಿಯ ಲೆಕ್ಕ.

ಅಜ್ಜಿಯ ಮಾತು ಅರ್ಧ ನಿಜ. ತಿಪಟೂರಿನ ಆ ಮನುಷ್ಯ ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದವರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಪಳಗಿದವರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ಅದರಲ್ಲೇ ನಾಯಕರಾದರು, ಇವರು ಅದರಲ್ಲೇ ನಾಯಕನ ಪಕ್ಕಕ್ಕೆ ಬಂದರು. ಪಕ್ಕದಲ್ಲೇ ನಿಂತು ಇನ್ನೂರೈವತ್ತಕ್ಕೂ ಜಾಸ್ತಿ ಸಿನಿಮಾ ಮಾಡಿದರು. ಸುಮ್ನೆ ನಿಲ್ಲುವ ಕೆಲಸವಲ್ಲ ಅದು.

ನನಗೆ ಮರೆಯದಿರುವುದು ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕ. 1965ರ ಸಿನಿಮಾ. ರಾಜ್ಯ ಕಳೆದುಕೊಂಡು, ಹೆಂಡತಿ ಮಗುವಿನ ಜತೆ ಕಾಡು ಅಲೆಯುವ ರಾಜನ ಹಿಂದೆಯೇ ವಿಶ್ವಾಮಿತ್ರನ ಸಾಲ ವಸೂಲಿಗೆ ಒಬ್ಬ. ನಿಜಕ್ಕೂ ಅವನಿಗೆ ಹೊಡೆಯಬೇಕು. ಆದರೆ ನಾವು ನಗುತ್ತೇವೆ. ಅಳುವ ಕಥೆಯ ಮಧ್ಯೆ ನಗಿಸಿ, ಮತ್ತೆ ಅಳುವುದಕ್ಕೆ ಜಾಗ ಬಿಟ್ಟು ಸರಿಯುವುದು ಹಲ್ಲಿನಿಂದ ಆಗುವ ಕೆಲಸವಾ?

ನಮ್ಮ ಕಡೆ ಇದು ಹೊಸದೂ ಅಲ್ಲ. ಯಕ್ಷಗಾನದಲ್ಲಿ ನಕ್ಷತ್ರಿಕ ಹಾಸ್ಯಗಾರನ ಪಾಲು. ರಾಜವೇಷಕ್ಕೆ ಕಿರೀಟ ಇದೆ, ಚೆಂಡೆಯ ಅಬ್ಬರ ಇದೆ. ಹಾಸ್ಯಗಾರನಿಗೆ ಇರುವುದು ಬಾಯಿ. ಅವನು ಒಂದೇ ರಾತ್ರಿ ದೂತ, ಬಾಗಿಲು ಕಾಯುವವ, ಬ್ರಾಹ್ಮಣ ಎಲ್ಲ ಆಗಬೇಕು. ನಡುವೆ ಪದ ಹಾಡುವ ಭಾಗವತರನ್ನೂ ಮಾತಿಗೆ ಎಳೆಯಬೇಕು. ನಾವು ಮಕ್ಕಳು ಕಂಬಳಿ ಹಾಸಿ ಮಲಗುವಾಗ, ‘ಹಾಸ್ಯ ಬಂದಾಗ ಎಬ್ಬಿಸಿ’ ಎಂದು ಹೇಳಿಯೇ ಮಲಗುತ್ತಿದ್ದೆವು. ರಾಜನಿಗಾಗಿ ಎಚ್ಚರಾದವರು ನಮ್ಮಲ್ಲಿ ಯಾರೂ ಇಲ್ಲ. ಹೊನ್ನಾವರದ ಹತ್ತಿರ ಕರ್ಕಿಯಲ್ಲಂತೂ ‘ಹಾಸ್ಯಗಾರ’ ಎಂಬುದು ಒಂದು ಮನೆತನದ ಅಡ್ಡಹೆಸರೇ ಆಗಿಬಿಟ್ಟಿದೆ. ಹಾಗಿದ್ದರೂ ಹರಕೆ ಹೊತ್ತು ಹಾಸ್ಯಗಾರನಂಥ ಗಂಡು ಮಗು ಕೇಳಿದವರನ್ನು ನಾನು ಕಂಡಿಲ್ಲ, ಅದು ಬೇರೆ ಮಾತು.

ನರಸಿಂಹರಾಜು 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ನನ್ನು ತಾವೇ ನಿರ್ಮಿಸಿ, ಪಕ್ಕದಿಂದ ನಡುವಿಗೆ ಬಂದು ನಿಂತರು. ಎಷ್ಟು ವರ್ಷ ಕಾದಿದ್ದರೋ. ಐದು ವರ್ಷ ಕಳೆಯುವಷ್ಟರಲ್ಲಿ, 56 ತುಂಬುವ ಮೊದಲೇ, ಹೋಗಿಬಿಟ್ಟರು.

ಮೊನ್ನೆ ಆ ನಕ್ಷತ್ರಿಕನನ್ನು ಮೊಬೈಲಿನಲ್ಲಿ ಹುಡುಗಿಗೆ ತೋರಿಸಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು: ‘ಮಾವ, ಇವರಿಗೂ ಕ್ಲಿಪ್ ಹಾಕಿದ್ದರೆ ಯಾರೂ ನಗ್ತಿರಲಿಲ್ವಾ?’

‘ಅವರು ನಗಿಸಿದ್ದು ಹಲ್ಲಿನಿಂದ ಅಲ್ಲ’ ಎಂದೆ, ಸ್ವಲ್ಪ ಮೇಷ್ಟ್ರ ಧಾಟಿಯಲ್ಲಿ.

ಅವಳು ನನ್ನ ಎರಡು ಹಲ್ಲನ್ನೇ ಒಂದು ಗಳಿಗೆ ನೋಡಿದಳು.

‘ಅದು ಹೌದು ಮಾವ’ ಎಂದಳು.