ಯಾರ ಮದುವೆ ಅಂತ ಒಬ್ಬರೂ ಕೇಳಲಿಲ್ಲ

ಇವತ್ತು ಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ದಾವಣಗೆರೆ ಚಿಕ್ಕಪ್ಪನ ನಂಬರಿನಿಂದ ಮದುವೆ ಕರೆಯೋಲೆ ಬಂತು. ಚಿಕ್ಕಪ್ಪನ ಇಬ್ಬರು ಮಕ್ಕಳಿಗೂ ಮದುವೆಯಾಗಿ ಎಷ್ಟೋ ವರ್ಷ ಆಯ್ತು. ಮೊಮ್ಮಗಳಿನ್ನೂ ಎಲ್‌ಕೆಜಿ. ಆದರೂ ಆರು ಜನ ಕೈ ಮುಗಿಯುವ ಎಮೋಜಿ ಹಾಕಿದರು. ಅತ್ತೆಯಂತೂ 'ನೂರು ಕಾಲ ಸುಖವಾಗಿ ಬಾಳಲಿ' ಅಂತ ಹರಸಿಯೇ ಬಿಟ್ಟರು. ಯಾರು ಬಾಳಬೇಕು ಅತ್ತೆ, ವೈರಸ್ಸಾ?

ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಅಂತಿತ್ತು. ಕರೆಯೋಲೆ ಫೋಟೊ ಆಗಿ ಬರುತ್ತದೆ, ಇಲ್ಲ ಪಿಡಿಎಫ್ ಆಗಿ ಬರುತ್ತದೆ. ಎಪಿಕೆ ಅಂದರೆ ಆ್ಯಪ್. ಒತ್ತಿದರೆ ಪಾಪ ಫೋನೇ ಕೇಳುತ್ತದೆ, ಇದು ಎಲ್ಲಿಯದೋ ಗೊತ್ತಿಲ್ಲ, ಹಾಕಲಾ ಅಂತ. ನಾವು ಓಕೆ. ನಿಮ್ಮ ಮೆಸೇಜ್ ಓದಬಹುದಾ? ಓಕೆ. ಅಲ್ಲಿಗೆ ಬ್ಯಾಂಕಿನಿಂದ ನಮಗೆ ಬರೋ ಒಟಿಪಿ ಆ ಆ್ಯಪ್ ಬಿಟ್ಟ ಕಳ್ಳನಿಗೂ ಸಿಕ್ಕಿತು. ಆಮೇಲೆ ನಮ್ಮ ಹೆಸರಿನಲ್ಲೇ ನೆಂಟರಿಷ್ಟರಿಗೆಲ್ಲ ಕರೆಯೋಲೆ. ಚಿಕ್ಕಪ್ಪನಿಗೂ ಹೀಗೇ, ವಾಕಿಂಗ್ ಗೆಳೆಯರ ನಂಬರಿನಿಂದ ಬಂದಿದ್ದು. ಪೆನ್ಷನ್ ಖಾತೆಯಿಂದ 48,000 ಹೋಗಿದೆ.

ನನಗೆ ಉರಿಯುವುದು ಆ ಓಕೆ ಮೇಲೆ. ಅಂಗಡಿಯಲ್ಲಿ ಒಂದು ಜೊತೆ ಸಾಕ್ಸ್ ಕೊಂಡರೂ ಫೋನ್ ನಂಬರ್ ಕೇಳುತ್ತಾರೆ, ಹಿಂದೆ ನಿಂತವರಿಗೂ ಕೇಳುವ ಹಾಗೆ ಕೂಗಿ ಹೇಳುತ್ತೇವೆ. ಹಳೇ ಸೋಫಾ ಮಾರಲು ಹಾಕಿದರೆ ಯಾವನೋ ಕ್ಯುಆರ್ ಕೋಡ್ ಕಳಿಸಿ 'ಸ್ಕ್ಯಾನ್ ಮಾಡಿ ಸರ್, ದುಡ್ಡು ಬರುತ್ತೆ' ಅಂತಾನೆ. ಪಿನ್ ಒತ್ತಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಆದರೂ ಓಕೆ!

'ನನ್ನ ಅಕೌಂಟಲ್ಲಿ ಏನಿದೆ ಮಣ್ಣು' ಅಂತ ಭಾವ ನಗುತ್ತಾರೆ. ಭಾವ, ನಿಮ್ಮ ಅಕೌಂಟ್ ಯಾರಿಗೆ ಬೇಕು? ನಿಮ್ಮ ಹೆಸರು ನೋಡಿ ಕಣ್ಣುಮುಚ್ಚಿ ಒತ್ತುವ ನಾನೂರು ಜನ ನಿಮ್ಮ ಫೋನಿನಲ್ಲಿದ್ದಾರಲ್ಲ, ಅವರು ಬೇಕು. ಬ್ಯಾಂಕು, ಪೊಲೀಸರು ಏನು ಮಾಡ್ತಿದ್ದಾರೆ ಅಂತಲೂ ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಆದರೆ ಚಿಕ್ಕಪ್ಪ ಮೊದಲು ಮಗನಿಗೆ ಫೋನ್ ಮಾಡಿ, ಬೈಸಿಕೊಂಡು, ಊಟ ಮಾಡಿ, ಸಂಜೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ದುಡ್ಡು ಅಷ್ಟು ಹೊತ್ತು ಒಂದೇ ಖಾತೆಯಲ್ಲಿ ಕೂತಿರುತ್ತದಾ? ಬೇಗ ಹೇಳಿದ್ದರೆ ಅಲ್ಲಲ್ಲೇ ತಡೆಯುವ ಅವಕಾಶವಾದರೂ ಇತ್ತು.

ನಾನೇನು ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ಕೊರಿಯರ್ ಹುಡುಗನೆಂದು ಹೇಳಿಕೊಂಡ ಒಬ್ಬ 'ಮೇಡಂ, *401* ಹಾಕಿ ಈ ನಂಬರ್ ಒತ್ತಿ' ಅಂದ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನ್. ಒತ್ತುತ್ತಾ ಹೋದೆ. ಅರ್ಧದಲ್ಲಿ ಒಗ್ಗರಣೆ ಸೀಯಿತು, ಫೋನ್ ಬಿಸಾಕಿ ಒಲೆ ಆರಿಸಲು ಓಡಿದೆ. ಪೂರ್ತಿ ಒತ್ತಿದ್ದರೆ ನನಗೆ ಬರೋ ಕಾಲ್ ಎಲ್ಲ ಅವನಿಗೆ ತಿರುಗುತ್ತಿದ್ದವು. ಮನೆಯಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲ. ಈಗ ಇಲ್ಲಿ ಓದಿ ಬೈಯುತ್ತಾರೆ, ಬೈಯಲಿ.

ಗ್ರೂಪಿನಲ್ಲಿ 'ಅದನ್ನು ಯಾರೂ ಒತ್ತಬೇಡಿ' ಅಂತ ದಪ್ಪಕ್ಷರದಲ್ಲಿ ಹಾಕಿದೆ. ಅದರ ಕೆಳಗೆ ಮಾವ ಬರೆದಿದ್ದಾರೆ: 'ಓಕೆ. ಮದುವೆ ಯಾವತ್ತಮ್ಮ?'